ರಂಗಪ್ಪನೋ ಚಂದ್ರಾಬಾಯಿಯೋ

ಅಜ್ಜಂಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕಂಬಗಳಿದ್ದವು. ಬಲಗಡೆಯ ಕಂಬಕ್ಕೆ ಒರಗಿ ದೊಡ್ಡಪ್ಪ ಕೂರುತ್ತಿದ್ದರು, ಎಡಗಡೆಯದಕ್ಕೆ ನನ್ನ ಅಪ್ಪ. ನಡುವೆ ಮೊಣಕಾಲೆತ್ತರದ ಒಂದು ಮೇಜು, ಅದರ ಮೇಲೆ ಗ್ರಾಮಫೋನು. ಜಮೀನಿನ ಯಾವುದೋ ವ್ಯಾಜ್ಯಕ್ಕೆಂದು ಬೆಂಗಳೂರಿಗೆ ಹೋದ ದೊಡ್ಡಪ್ಪ ಬರುವಾಗ ಅದನ್ನು ತಂದಿದ್ದರು. ರೈಲಿನಲ್ಲಿ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು, ಹಿತ್ತಾಳೆಯ ಕಹಳೆಯನ್ನು ಎಳೆಗೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದರಂತೆ. ವ್ಯಾಜ್ಯ ಏನಾಯಿತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಪಡಸಾಲೆಯ ಹಿಂದೆ ನಡುಮನೆ, ಅಲ್ಲಿ ಅಜ್ಜಿಯ ಹಾಸಿಗೆ ಮತ್ತು ದೇವರ ಗೂಡು. ಅದರ ಹಿಂದೆ ಅಡುಗೆಮನೆ, ಅಲ್ಲಿ ಅವ್ವ ಮತ್ತು ದೊಡ್ಡವ್ವ. ಹಾಡು ಪಡಸಾಲೆಯಲ್ಲಿ ಹುಟ್ಟಿ, ನಡುಮನೆ ದಾಟಿ, ಒಲೆಯ ಹೊಗೆಯೊಳಗೆ ಹೋಗಿ ಸೇರುವಷ್ಟರಲ್ಲಿ ಅರ್ಧ ಸವೆದಿರುತ್ತಿತ್ತು. ನನಗೆ ಆಗ ಒಂಬತ್ತು ವರ್ಷವಿರಬಹುದು. ಮೂರು ಕೋಣೆಗಳಲ್ಲೂ ಓಡಾಡುವ ಸ್ವಾತಂತ್ರ್ಯವಿದ್ದದ್ದು ನನಗೊಬ್ಬಳಿಗೇ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ಅಪ್ಪನಿಗೆ ಇದ್ದದ್ದು ನಾನೊಬ್ಬಳೇ.

ನಮ್ಮಲ್ಲಿ ಹಾಡಿನ ಆರು ಪ್ಲೇಟುಗಳಿದ್ದವು. ಮೂರು ಕಿತ್ತನೂರು ರಂಗಪ್ಪನವು, ಮೂರು ಹೊಸಕೆರೆ ಚಂದ್ರಾಬಾಯಿಯವು. ಇಬ್ಬರೂ ನಾಟಕದ ಕಂಪನಿಗಳಲ್ಲಿ ಹಾಡಿ ಹೆಸರು ಮಾಡಿದವರು. ಹರಿಹರದಿಂದ ಮೈಸೂರಿನವರೆಗೆ ಅವರ ಹೆಸರು ತಿಳಿಯದ ಊರಿರಲಿಲ್ಲವೆಂದು ಅಪ್ಪ ಹೇಳುತ್ತಿದ್ದ, ಆದರೆ ಅಪ್ಪನೇ ಅವರನ್ನು ಕಣ್ಣಿಂದ ನೋಡಿರಲಿಲ್ಲ. ದೊಡ್ಡಪ್ಪನೂ ನೋಡಿರಲಿಲ್ಲ. ನಮ್ಮ ಪಾಲಿಗೆ ರಂಗಪ್ಪನೆಂದರೆ ಆ ಕಹಳೆಯೊಳಗೆ ಇದ್ದ ಒಂದು ದನಿ, ಚಂದ್ರಾಬಾಯಿಯೆಂದರೆ ಇನ್ನೊಂದು. ದೊಡ್ಡಪ್ಪ ರಂಗಪ್ಪನ ಕಡೆ, ಅಪ್ಪ ಚಂದ್ರಾಬಾಯಿಯ ಕಡೆ. ಇದು ಯಾವಾಗ ಹಾಗೆ ಹಂಚಿಹೋಯಿತೋ ನನಗೆ ನೆನಪಿಲ್ಲ. ನನಗೆ ನೆನಪಾಗುವ ಹೊತ್ತಿಗಾಗಲೇ ಅದು ಕಂಬಗಳ ಹಾಗೆ ನಿಂತುಬಿಟ್ಟಿತ್ತು.

ಸಂಜೆ ದನಗಳು ಕೊಟ್ಟಿಗೆ ಸೇರಿ, ದೀಪ ಹಚ್ಚಿ, ಅಜ್ಜಿ ವಿಭೂತಿ ಇಟ್ಟುಕೊಂಡ ಮೇಲೆ ದೊಡ್ಡಪ್ಪ ಯಂತ್ರಕ್ಕೆ ಕೀಲಿ ಕೊಡುತ್ತಿದ್ದರು. ಆ ಕೆಲಸಕ್ಕೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ. ಮುಳ್ಳು ಬದಲಾಯಿಸುವುದು ಮಾತ್ರ ಅಪ್ಪನ ಪಾಲಿಗೆ. ಮೊದಲು ರಂಗಪ್ಪ, ಅವನದು ಮುಗಿದ ಮೇಲೆ ಚಂದ್ರಾಬಾಯಿ, ಮತ್ತೆ ರಂಗಪ್ಪ, ಹೀಗೆ ಸರದಿ. ಪ್ಲೇಟು ನಿಂತ ಕೂಡಲೇ ವಾದ ಶುರು. ರಂಗಪ್ಪ ಒಂದು ಸ್ವರ ಹಿಡಿದರೆ ಬಿಡುತ್ತಿರಲಿಲ್ಲ, ಅದು ಏರಿ ಏರಿ ಸೂರಿನ ಹೆಂಚು ಮುಟ್ಟುತ್ತಿತ್ತು. ದೊಡ್ಡಪ್ಪನಿಗೆ ಅದೇ ದೊಡ್ಡ ಹೆಮ್ಮೆ. ಜೇಬಿನ ಗಡಿಯಾರ ತೆಗೆದು ಅಂಗೈಯಲ್ಲಿಟ್ಟುಕೊಂಡು, ರಂಗಪ್ಪ ಉಸಿರು ಬಿಡುವವರೆಗೆ ಅದರ ಮುಳ್ಳನ್ನೇ ನೋಡುತ್ತಿದ್ದರು.

"ಉಸಿರು ನೋಡೋ ಬಸಣ್ಣ, ಉಸಿರು! ಆಳು ಬಾವಿಗಿಳಿದು ನೀರು ಮೊಗೆದು ಮೇಲಕ್ಕೆ ಬಂದ್ರೂ ಇವನದು ಮುಗಿದಿರಾದಿಲ್ಲ."

"ಉಸಿರು ಹಿಡಿಯೋದೇ ದೊಡ್ಡಸ್ತಿಕೆ ಆದ್ರೆ ಬುಕ್ಕಾಂಬುಧಿ ಕೆರೇಲಿ ಮುಳುಗೋ ಹೈಕ್ಳೆಲ್ಲ ವಿದ್ವಾಂಸರಾಗ್ಬೇಕಿತ್ತಲ್ಲ ಅಣ್ಣಯ್ಯ. ಅವನು ಏನ್ ಹೇಳ್ತಾವ್ನೆ ಅಂತ ಒಂದಕ್ಷರ ತಿಳೀತೈತಾ? ಚಂದ್ರಾಬಾಯಿ ಮಾತು ಕೇಳು. ಕೇರಿದ ಅಕ್ಕಿ ಇದ್ದಂಗೆ, ಒಂದೊಂದೂ ಬಿಡಿಬಿಡಿ."

"ಮಾತು ಕೇಳಕ್ಕೆ ಹಾಡು ಯಾಕೋ ಬೇಕು? ಮಾತು ಕೇಳ್ಬೇಕು ಅಂದ್ರೆ ಕಟ್ಟೆ ಮೇಲೆ ಹೋಗಿ ಕೂತ್ಕೋ. ಆಯಮ್ಮನ ದನಿ ಹದಿನಾರು ವರ್ಷದ ಹುಡುಗಿ ದನಿ ಕಣೋ. ತೆಳ್ಳಗೆ. ಕೆಳಗಿನ ಸ್ವರಕ್ಕಿಳಿದ್ರೆ ಆಯಮ್ಮ ಎಲ್ಲಿ ಅವ್ಳೆ ಅಂತ ಹುಡುಕ್ಬೇಕು."

"ಅದೇ ಅಲ್ವಾ ಚೆಂದ! ಆಯಮ್ಮಂಗೆ ವಯಸ್ಸೇ ಆಗಿಲ್ಲ."

ಒಂದು ಸಲ ಅಪ್ಪ ನನ್ನನ್ನು ಸಾಕ್ಷಿಗೆ ಕರೆದ. ಹಲಗೆ ಬಳಪ ತರಿಸಿ, ಹಾಡು ಕೇಳುತ್ತ ಕೇಳುತ್ತ ಕಿವಿಗೆ ಬಿದ್ದ ಪದಗಳನ್ನೆಲ್ಲ ಬರೆಯಬೇಕೆಂದ. ಚಂದ್ರಾಬಾಯಿಯ ಹಾಡಿಗೆ ಹಲಗೆಯ ಎರಡೂ ಬದಿ ತುಂಬಿತು. ರಂಗಪ್ಪನ ಹಾಡಿಗೆ ನಾಲ್ಕು ಸಾಲು ಬಂತು, ಅದರಲ್ಲೂ ಮಧ್ಯೆ ಮಧ್ಯೆ ಖಾಲಿ. ಅಪ್ಪ ಹಲಗೆಯನ್ನು ದೊಡ್ಡಪ್ಪನ ಮುಂದೆ ಹಿಡಿದ. ದೊಡ್ಡಪ್ಪ ಅದನ್ನು ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿ, ಹುಡುಗಿಗೆ ಒತ್ತಕ್ಷರ ಸರಿಯಾಗಿ ಬರುವುದಿಲ್ಲ, ಮೊದಲು ಅದನ್ನು ಕಲಿಸು ಎಂದು ವಾಪಸು ಕೊಟ್ಟರು. ಆದರೆ ಆ ಹಲಗೆಯಿಂದ ನನಗೊಂದು ಅಭ್ಯಾಸ ಹತ್ತಿತು. ಯಾರು ಏನು ಹೇಳಿದರೂ ಅದರಲ್ಲಿ ಖಾಲಿ ಬಿಟ್ಟ ಜಾಗಗಳನ್ನು ಗಮನಿಸುವುದು. ಆಮೇಲಿನ ಬದುಕಿನಲ್ಲಿ ಅದು ನನಗೆ ಉಪಕಾರವನ್ನೂ ಮಾಡಿದೆ, ಒಂದಿಬ್ಬರು ಸ್ನೇಹಿತರನ್ನು ದೂರವೂ ಮಾಡಿದೆ.

ಅಣ್ಣತಮ್ಮಂದಿರು ಜಗಳವಾಡುತ್ತಿದ್ದುದು ಇದೊಂದಕ್ಕೇ ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಬಹಳ ತಡವಾಗಿ. ಯಾವ ಹೊಲಕ್ಕೆ ರಾಗಿ, ಯಾವುದಕ್ಕೆ ಹುರುಳಿ, ತೆಂಗಿನ ತೋಟದ ಕಾಯಿ ಯಾವಾಗ ಕೀಳಿಸಬೇಕು, ಅಮಲ್ದಾರರ ಕಚೇರಿಗೆ ಯಾರು ಹೋಗಬೇಕು, ಎಲ್ಲವನ್ನೂ ದೊಡ್ಡಪ್ಪನೇ ನಿಶ್ಚಯಿಸುತ್ತಿದ್ದರು. ಅಪ್ಪ "ಹೂಂ ಅಣ್ಣಯ್ಯ" ಎನ್ನುತ್ತಿದ್ದ. ಖಾತೆ ದೊಡ್ಡಪ್ಪನ ಹೆಸರಿನಲ್ಲಿತ್ತು, ಕಣಜದ ಬೀಗದ ಕೈ ಅವರ ಉಡಿದಾರದಲ್ಲಿತ್ತು. ಬೆಳಗಿನಿಂದ ಸಂಜೆಯವರೆಗೆ ಹೂಂ ಎಂದವನು ದೀಪ ಹಚ್ಚಿದ ಮೇಲೆ ಒಂದು ಗಂಟೆ ಉಹೂಂ ಎನ್ನುತ್ತಿದ್ದ. ದೊಡ್ಡಪ್ಪನೂ ಆ ಒಂದು ಗಂಟೆ ತಮ್ಮನ ಎದುರುತ್ತರವನ್ನು ಸಂತೋಷದಿಂದಲೇ ಕೇಳುತ್ತಿದ್ದರು. ಚಂದ್ರಾಬಾಯಿಯನ್ನು ಬೈಯಬಹುದಿತ್ತು, ರಂಗಪ್ಪನನ್ನು ಹಂಗಿಸಬಹುದಿತ್ತು, ಮನೆಯಲ್ಲಿ ಯಾರಿಗೂ ನೋವಾಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅವ್ವ ಮುದ್ದೆ ಕಟ್ಟಿ, ಸಾರು ಇಳಿಸಿ, ಊಟದ ತಣಿಗೆಗಳನ್ನು ತೊಳೆದಿಟ್ಟು ಕಾಯುತ್ತಿದ್ದಳು. ಗಂಡಸರ ಊಟವಾಗದೆ ಹೆಂಗಸರ ಊಟವಿಲ್ಲ. ಆರನೆಯ ಪ್ಲೇಟು ನಿಂತು, ಅದರ ವಾದ ಮುಗಿದು, ದೊಡ್ಡಪ್ಪ "ನೀರು ಕೊಡ್ರವ್ವ" ಎನ್ನುವವರೆಗೆ ಅವಳಿಗೂ ದೊಡ್ಡವ್ವನಿಗೂ ಒಲೆಯ ಮುಂದೆ ಕೂತಿರುವುದೊಂದೇ ಕೆಲಸ.

ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಕಡೂರಿನಿಂದ ಒಂದು ಬಣ್ಣದ ಹಾಳೆ ಬಂತು. ಎರಡು ಕಂಪನಿಗಳು ಸೇರಿ ಅಲ್ಲಿ ತಗಡಿನ ಚಪ್ಪರ ಹಾಕಿವೆ, ರಂಗಪ್ಪ ರಾಜ, ಚಂದ್ರಾಬಾಯಿ ರಾಣಿ, ಇಬ್ಬರೂ ಒಂದೇ ರಂಗದ ಮೇಲೆ. ಜನ ತಡೆಯಲಾರದೆ ಭಾನುವಾರ ಮಧ್ಯಾಹ್ನಕ್ಕೂ ಒಂದು ಆಟವಿಟ್ಟಿದ್ದರು. ದೊಡ್ಡಪ್ಪ ಆ ಹಾಳೆಯನ್ನು ಮೂರು ಸಲ ಓದಿಸಿ, ಮನೆಮಂದಿಯೆಲ್ಲ ಹೋಗುವುದೆಂದು ತೀರ್ಮಾನಿಸಿದರು. ಅಜ್ಜಿ ಮಾತ್ರ ಬರಲಿಲ್ಲ. "ಪೆಟ್ಗೆಯಾಗೆ ಇದ್ದೋರು ಪೆಟ್ಗೆಯಾಗೇ ಇರ್ಲಿ, ನೋಡಿ ಏನಾಗ್ಬೇಕು" ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಆ ಭಾನುವಾರ ನಾವು ಬುತ್ತಿ ಕಟ್ಟಿಕೊಂಡು ಬೆಳಗಿನ ರೈಲು ಹತ್ತಿದೆವು. ಬೀರೂರಿನಲ್ಲಿ ರೈಲು ನೀರು ಕುಡಿಯುತ್ತ ನಿಂತಾಗ ಅಪ್ಪ ಇಳಿದು ಹೋಗಿ ನನಗೆ ಕಿತ್ತಳೆ ಹಣ್ಣು ತಂದುಕೊಟ್ಟ. ಅಣ್ಣತಮ್ಮಂದಿರು ಎದುರುಬದುರು ಕೂತು ನಗುತ್ತಿದ್ದರು. ಇವತ್ತು ಇತ್ಯರ್ಥವಾಗಿ ಹೋಗಲಿ, ಸೋತವನು ನಾಳೆಯಿಂದ ಬಾಯಿ ಮುಚ್ಚಿಕೊಂಡು ಇನ್ನೊಬ್ಬನ ಪ್ಲೇಟು ಕೇಳಬೇಕು ಎಂದು ಮಾತಾಯಿತು. ಅವ್ವ ನಕ್ಕದ್ದನ್ನು ನಾನು ನೋಡಿದ್ದು ಅಪರೂಪ. ಅವತ್ತು ಸೆರಗಿನ ಮರೆಯಲ್ಲಿ ಅವಳೂ ನಗುತ್ತಿದ್ದಳು.

ಚಪ್ಪರದೊಳಗೆ ಗಂಡಸರಿಗೆ ಬೆಂಚು, ಹೆಂಗಸರಿಗೆ ಚಾಪೆ, ನಡುವೆ ಒಂದು ಹಗ್ಗ. ನಾನು ಅವ್ವನ ಪಕ್ಕದಲ್ಲಿ, ಹಗ್ಗಕ್ಕೆ ತಾಗಿ ಕೂತೆ. ಅಪ್ಪ ದೊಡ್ಡಪ್ಪ ಇಬ್ಬರ ಮುಖವೂ ಕಾಣುತ್ತಿತ್ತು. ತೆರೆ ಸರಿದು ರಾಜ ಬಂದಾಗ ಜನ ಚಪ್ಪಾಳೆ ತಟ್ಟಿ ಶಿಳ್ಳೆ ಹಾಕಿದರು. ಅಗಲ ಎದೆಯ, ಕಿವಿಯ ಹತ್ತಿರ ನರೆ ಕಾಣುತ್ತಿದ್ದ ಒಬ್ಬ ಗಂಡಸು. ಅವನು ಬಾಯಿ ತೆರೆದ. ಬಂದದ್ದು ನಮ್ಮ ಮನೆಯ ರಂಗಪ್ಪನ ದನಿಯಲ್ಲ. ಅದು ಕೆಳಗಿತ್ತು, ದಪ್ಪವಾಗಿತ್ತು, ನಿಧಾನವಾಗಿತ್ತು. ಭಾರದ ಗಾಡಿ ಏರು ಹತ್ತುವ ಹಾಗೆ ಮೇಲಕ್ಕೆ ಹೋಗುತ್ತಿತ್ತು, ಆದರೆ ಹೆಂಚು ಮುಟ್ಟಲಿಲ್ಲ. ದೊಡ್ಡಪ್ಪ ಗಡಿಯಾರ ತೆಗೆದು ಅಂಗೈಯಲ್ಲಿಟ್ಟುಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಅದನ್ನು ಜೇಬಿಗೆ ಹಾಕಿಬಿಟ್ಟರು. ಅಪ್ಪನ ತುಟಿಯಲ್ಲಿ ನಗು ಮೂಡಿತು. ಆ ನಗು ರಾಣಿ ಬರುವವರೆಗೆ ಮಾತ್ರ. ಚಂದ್ರಾಬಾಯಿ ಬಂದು ಹಾಡಿದಾಗ ಹದಿನಾರು ವರ್ಷದ ಹುಡುಗಿ ಎಲ್ಲೂ ಇರಲಿಲ್ಲ. ಮಕ್ಕಳನ್ನು ಹೆತ್ತು ಬೆಳೆಸಿದ, ನಾಲ್ಕು ಜನರ ನಡುವೆ ಗಟ್ಟಿಯಾಗಿ ಮಾತಾಡಬಲ್ಲ ಹೆಂಗಸಿನ ದನಿ ಅದು. ಜನ ಹುಚ್ಚೆದ್ದು "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ಅಷ್ಟು ಜನರ ನಡುವೆ ಮೋಸಹೋದವರ ಹಾಗೆ ಕೂತಿದ್ದವರು ನಮ್ಮ ಮನೆಯವರು ಮಾತ್ರ. ನಾನು ಅವ್ವನ ಕಡೆಗೆ ತಿರುಗಿದೆ. ಅವಳು ರಂಗವನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ಹೆದರಿದ್ದಳೆಂದು ಆಮೇಲೆ ತಿಳಿಯಿತು.

ಸಂಜೆಯ ರೈಲಿಗೆ ಕಡೂರಿನ ಪ್ಲಾಟ್‌ಫಾರಂ ಮೇಲೆ ಕಾಯುವಾಗ ಮಾತು ಶುರುವಾಯಿತು. ಮೊದಲು ಇಬ್ಬರೂ ತಮ್ಮ ತಮ್ಮವರ ಪರವಾಗಿ ನೆಪ ಹೇಳಿಕೊಂಡರು. ರಂಗಪ್ಪನಿಗೆ ಗಂಟಲು ಕಟ್ಟಿತ್ತು, ಚಂದ್ರಾಬಾಯಿಗೆ ನೆಗಡಿ. ಆಮೇಲೆ ಒಬ್ಬರ ಮೇಲೊಬ್ಬರು ಹೋದರು.

"ಪ್ಲೇಟ್‌ನಾಗೆ ಹಾಡಿರೋಳು ಆಯಮ್ಮ ಅಲ್ವೇ ಅಲ್ಲ ಕಣೋ. ಯಾವ್ದೋ ಹುಡುಗಿ ಕೈಲಿ ಹಾಡ್ಸಿ ಇವಳ ಹೆಸ್ರು ಅಂಟಿಸವ್ರೆ. ನಾಕು ವರ್ಷ ಅದನ್ನ ತಲೆ ಮೇಲೆ ಹೊತ್ಕಂಡು ಕುಣಿದ್ಯಲ್ಲ ನೀನು."

"ನಿನ್ನ ರಂಗಪ್ಪಂದು ಏನು? ಏರು ಬಂತಾ? ಆ ಎತ್ತು ಗುಟುರು ಹಾಕ್ದಂಗೆ ಹಾಡ್ದ, ಅದು ಕೇಳಿಸ್ಲಿಲ್ವಾ ಅಣ್ಣಯ್ಯ?"

"ಕೇಳಾಕೆ ನಿಂಗೆ ಕಿವಿ ಎಲ್ಲೈತೆ? ನಿಂಗೆ ಇರಾದು ಬಾಯಿ ಒಂದೇ. ನಾನು ದುಡಿದು ಹಾಕ್ತೀನಿ, ಕೂತ್ಕಂಡು ತಿಂತೀಯ."

ಅಪ್ಪನ ಮುಖದ ಬಣ್ಣ ಇಳಿಯಿತು. ದೊಡ್ಡಪ್ಪನಿಗೂ ಮಾತು ಜಾರಿತೆಂದು ಗೊತ್ತಾಗಿತ್ತೇನೋ, ಹಳಿಯ ಕಡೆಗೆ ತಿರುಗಿ ನಿಂತರು. ರೈಲು ಬರುವ ಸದ್ದು ಕೇಳಿದಾಗ ಅಪ್ಪ ಬಾಯಿ ಬಿಟ್ಟ.

"ಹಂಗಾರೆ ಪಾಲು ಮಾಡ್ಕೊಟ್ಬಿಡು ಅಣ್ಣಯ್ಯ. ದುಡಿದು ತಿನ್ನೋದು ನಂಗೂ ಗೊತ್ತೈತೆ."

ಆಮೇಲಿನ ಮೂರು ದಿನ ಮನೆಯಲ್ಲಿ ಹಾಡಿರಲಿಲ್ಲ. ದೊಡ್ಡಪ್ಪ ಪಡಸಾಲೆಯಲ್ಲಿ ಉಂಡರು, ಅಪ್ಪ ನಡುಮನೆಯಲ್ಲಿ ಉಂಡ. ಅವ್ವ ಒಬ್ಬರಿಗೆ ಬಡಿಸಿದರೆ ದೊಡ್ಡವ್ವ ಇನ್ನೊಬ್ಬರಿಗೆ ಬಡಿಸುತ್ತಿದ್ದಳು, ಇಬ್ಬರೂ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹದಿನೈದು ವರ್ಷ ಒಂದೇ ಒಲೆಯ ಮುಂದೆ ಕೂತ ಹೆಂಗಸರು. ಪಾಲಾದರೆ ಯಾವ ಪಾತ್ರೆ ಯಾರಿಗೆಂದು ಅವರಿಗೆ ಆಗಲೇ ಚಿಂತೆ ಹತ್ತಿತ್ತೆಂದು ನಾನು ಭಾವಿಸಿದ್ದೆ. ಹಾಗಲ್ಲ, ಇಬ್ಬರಿಗೂ ಅಳು ಬರುತ್ತಿತ್ತು, ನೋಡಿದರೆ ತಡೆಯಲಾಗುವುದಿಲ್ಲವೆಂದು ನೋಡುತ್ತಿರಲಿಲ್ಲ ಎಂದು ಎಷ್ಟೋ ವರ್ಷಗಳ ಮೇಲೆ ದೊಡ್ಡವ್ವ ಹೇಳಿದಳು. ಅಪ್ಪ ಊರಿನ ಹಿರಿಯರ ಮನೆಗಳಿಗೆ ಹೋಗಿ ಗುರುವಾರ ಬಂದು ಕೂತು ಪಾಲು ಮಾಡಿಕೊಡಬೇಕೆಂದು ಕೇಳಿಕೊಂಡು ಬಂದ. ಅಜ್ಜಿ ಅವನನ್ನು ಹಾಸಿಗೆಯ ಬಳಿಗೆ ಕರೆಸಿಕೊಂಡಳು.

"ಎರಡು ಒಲೆ ಹಚ್ಚೋದಾದ್ರೆ ನಾನು ಸತ್ ಮೇಲೆ ಹಚ್ಚಿ ಕಣಪ್ಪ. ಹೊಗೆ ನಂಗಾಗಾಕಿಲ್ಲ."

ಅಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಕೊಟ್ಟಿಗೆಯ ಕಡೆಗೆ ಹೋದ.

ಬುಧವಾರ ದೊಡ್ಡಪ್ಪ ಬುಡೇನ್ ಸಾಬರಿಗೆ ಹೇಳಿ ಕಳಿಸಿದರು. ಸಾಬರು ಸ್ಟೇಷನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ನಮ್ಮ ಗ್ರಾಮಫೋನಿಗೆ ಮುಳ್ಳು, ಎಣ್ಣೆ, ಸ್ಪ್ರಿಂಗು ಎಲ್ಲ ಅವರದೇ. ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮನೆಯಿಂದ ಹೊರಟು ಬಿಡುತ್ತಿದ್ದರು. ಚಂದ್ರಾಬಾಯಿಯ ಪ್ಲೇಟುಗಳು ಖೋಟಾ ಎಂದು ಸಾಬರ ಬಾಯಿಂದ ಹೇಳಿಸುವುದು ದೊಡ್ಡಪ್ಪನ ಉದ್ದೇಶ. ಅದು ತಿಳಿದು ಅಪ್ಪನೂ ರಂಗಪ್ಪನ ಪ್ಲೇಟುಗಳನ್ನು ಮುಂದಿಟ್ಟುಕೊಂಡು ತನ್ನ ಕಂಬದ ಬಳಿ ಬಂದು ಕೂತ. ಮೂರು ದಿನಗಳ ನಂತರ ಅವರು ಎದುರುಬದುರು ಕೂತದ್ದು ಅದೇ ಮೊದಲು.

ಸಾಬರು ಇಬ್ಬರ ಮಾತನ್ನೂ ಕೇಳಿದರು. "ಯಾರು ಮೇಲು ಯಾರು ಕೀಳು ನಂಗ್ಯಾಕೆ ಗೌಡ್ರೆ, ನಾನು ಚಕ್ರ ನೋಡೋನು" ಎಂದರು. ಒಂದು ಚೂರು ಕಾಗದ ಹರಿದು ಪ್ಲೇಟಿನ ಅಂಚಿಗೆ ಸಿಕ್ಕಿಸಿ, ಯಂತ್ರ ತಿರುಗಲು ಬಿಟ್ಟು, ತಮ್ಮ ಗಡಿಯಾರ ಹಿಡಿದು, ಕಾಗದ ತಮ್ಮ ಮುಂದೆ ಬಂದಾಗಲೆಲ್ಲ ತುಟಿ ಅಲ್ಲಾಡಿಸುತ್ತ ಎಣಿಸಿದರು. ಒಂದು ನಿಮಿಷವಾದ ಮೇಲೆ ಯಂತ್ರ ನಿಲ್ಲಿಸಿದರು.

"ಅರೆ ಅಲ್ಲಾ! ಎಪ್ಪತ್ತೆಂಟು ಸುತ್ತು ಸುತ್ಬೇಕು ಗೌಡ್ರೆ. ನಿಮ್ದು ತೊಂಬತ್ತು ದಾಟೈತೆ. ಹಿಂಗೆ ಓಡ್ಸಿದ್ರೆ ನಾನು ಹಾಡಿದ್ರೂ ಗುಬ್ಬಿ ಕೂಗ್ದಂಗೇ ಕೇಳ್ತೈತೆ."

ಪ್ಲೇಟಿನ ಪಕ್ಕದಲ್ಲೇ ವೇಗ ಹೆಚ್ಚು ಕಡಿಮೆ ಮಾಡುವ ಒಂದು ತಿರುಪು ಇತ್ತು. ಸಾಬರು ಅದನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಎಣಿಸಿ, ಮತ್ತೆ ತಿರುಗಿಸಿ, ಮುಳ್ಳಿಟ್ಟರು. ಕಹಳೆಯಿಂದ ರಂಗಪ್ಪ ಬಂದ. ಕಡೂರಿನ ರಂಗಪ್ಪ, ಅಗಲ ಎದೆಯವನು. ಅವನಾದ ಮೇಲೆ ಕಡೂರಿನ ಚಂದ್ರಾಬಾಯಿ. ಎರಡೂ ಪ್ಲೇಟು ಕೊನೆಯವರೆಗೆ ಓಡಿದವು. ನಾಲ್ಕು ವರ್ಷ ಅವರು ಹೊಡೆದಾಡಿದ್ದು ಲೋಕದಲ್ಲಿ ಎಲ್ಲೂ ಇಲ್ಲದ ಎರಡು ದನಿಗಳಿಗಾಗಿ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು.

"ಇದು ತಾನಾಗೇ ತಿರುಗಾದಿಲ್ಲ. ಯಾರೋ ತಿರುಗ್ಸವ್ರೆ" ಎಂದರು ಸಾಬರು.

ದೊಡ್ಡಪ್ಪನ ಕಣ್ಣು ನನ್ನ ಮೇಲೆ ಬಂತು. ಪಡಸಾಲೆಯಲ್ಲಿ ಆಡುತ್ತಿದ್ದವಳು ನಾನು, ಯಂತ್ರದ ಸುತ್ತ ಸುಳಿದಾಡುತ್ತಿದ್ದವಳೂ ನಾನೇ.

"ಏನೇ ಗಿರಿಜಿ, ನೀನೇನೇ?"

ನಾನಲ್ಲ. ಆದರೆ ಯಾರೆಂದು ಆ ಕ್ಷಣದಲ್ಲಿ ನನಗೆ ತಿಳಿದುಹೋಗಿತ್ತು. ಬೆಳಿಗ್ಗೆ ಪಡಸಾಲೆ ಗುಡಿಸುವಾಗ ಅವ್ವ ಯಂತ್ರದ ಧೂಳನ್ನೂ ಒರೆಸುತ್ತಿದ್ದಳು. ಒರೆಸುವುದಕ್ಕೆ ಅಷ್ಟು ಹೊತ್ತು ಬೇಕಿಲ್ಲವೆಂದು ನನಗೆ ಒಮ್ಮೆ ಅನಿಸಿದ್ದುಂಟು. ನಾನು ತಲೆ ತಗ್ಗಿಸಿದೆ. ನಾನು ಹೌದೆಂದಿದ್ದರೆ ಎರಡೇಟು ಬಿದ್ದು ಮುಗಿಯುತ್ತಿತ್ತು. ಹೌದೆನ್ನಲು ಬಾಯಿ ತೆರೆದಿದ್ದೆನೋ ಇಲ್ಲವೋ ಈಗ ಖಚಿತವಾಗಿ ಹೇಳಲಾರೆ. ತೆರೆದಿದ್ದೆನೆಂದು ನಂಬಿಕೊಂಡು ಬಂದಿದ್ದೇನೆ. ಅಷ್ಟರಲ್ಲಿ ನಡುಮನೆಯ ಬಾಗಿಲ ಹಿಂದಿನಿಂದ ಮಾತು ಕೇಳಿಸಿತು.

"ಮಗು ಅಲ್ಲ ಬಾವ. ನಾನು."

ಅವ್ವ ಮದುವೆಯಾಗಿ ಬಂದಂದಿನಿಂದ ದೊಡ್ಡಪ್ಪನ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ದೊಡ್ಡವ್ವನ ಮೂಲಕ, ಇಲ್ಲವೇ ನನ್ನ ಮೂಲಕ. ಅವತ್ತು ಬಾಗಿಲ ಮರೆಯಿಂದ ಅರ್ಧ ಈಚೆಗೆ ಬಂದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ ನಿಂತಳು. ಕೈಗೆ ಹಿಟ್ಟು ಮೆತ್ತಿಕೊಂಡಿತ್ತು.

"ನೀನಾ? ಯಾಕೆ ತಾಯಿ?" ದೊಡ್ಡಪ್ಪನ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಿತ್ತು.

"ಮುದ್ದೆ ಆರ್ತಿತ್ತು."

ಯಾರಿಗೂ ಅರ್ಥವಾಗಲಿಲ್ಲ. ಅವ್ವನೇ ಮುಂದುವರಿಸಿದಳು.

"ಬಿಸಿ ಮುದ್ದೆ ಕಟ್ಟಿಟ್ರೆ ನೀವು ಏಳೋಷ್ಟರಾಗೆ ಕಲ್ಲಾಗಾದು. ಆರೋಯ್ತು ಅಂತ ನೀವೇ ಬೈಯ್ಯೋರು. ಹಾಡು ಬೇಗ ಮುಗೀಲಿ ಅಂತ ಒಂದಿನ ಒಂದೆಳ್ಳಿನಷ್ಟು ತಿರುಗಿಸ್ದೆ. ಸಾಬ್ರು ತಿರುಗ್ಸೋದು ನೋಡಿದ್ದೆ. ಯಾರಿಗೂ ಗೊತ್ತಾಗ್ಲಿಲ್ಲ. ಆಮೇಲೆ ಇನ್ನೊಂದೆಳ್ಳಿನಷ್ಟು. ಹಾಡೇನೋ ಬೇಗ ಮುಗೀತು. ನಿಮ್ಮ ಮಾತು ಮುಗೀಲಿಲ್ಲ. ಮತ್ತೆ ತಿರುಗಿಸ್ದೆ."

ಮೊದಲು ನಕ್ಕವರು ಬುಡೇನ್ ಸಾಬರು. ನಗು ತಡೆಯಲು ಹೋಗಿ ಭೂತಗನ್ನಡಿ ಕಣ್ಣಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಅಪ್ಪ ಎದ್ದು ನಿಂತು, "ಮಾನ ಕಳೆದ್ಯಲ್ಲೇ" ಎಂದು ಅವ್ವನ ಕಡೆಗೆ ಒಂದು ಹೆಜ್ಜೆ ಇಟ್ಟ. ದೊಡ್ಡಪ್ಪ ಕೂತಲ್ಲಿಂದಲೇ ಅವನ ಪಂಚೆಯ ಅಂಚು ಹಿಡಿದು ಎಳೆದರು.

"ಕೂತ್ಕೊಳೋ ಬಸಣ್ಣ. ಮಾನ ಕಳ್ಕೊಂಡಿದ್ದು ನಾವು. ಕಡೂರು ಸ್ಟೇಷನ್‌ನಾಗೆ." ಆಮೇಲೆ ತಮ್ಮನ ಮುಖ ನೋಡದೆ, "ನಾನೊಂದು ಮಾತಂದೆ. ಅನ್ಬಾರ್ದಿತ್ತು" ಎಂದರು.

ಅಪ್ಪ ಕೂತ. ಹಿರಿಯರ ಮನೆಗಳಿಗೆ ಹೋಗಿ ಗುರುವಾರ ಬರುವುದು ಬೇಡವೆಂದು ಹೇಳಿಬರಲು ಸಂಜೆ ಅವನೇ ಹೊರಟ. ಹಾಗೆಂದು ನಮ್ಮ ಮನೆ ಎಂದೂ ಪಾಲಾಗಲಿಲ್ಲವೆಂದಲ್ಲ. ಅಜ್ಜಿ ತೀರಿಕೊಂಡು ಎರಡು ವರ್ಷಕ್ಕೆ, ಯಾರೂ ದನಿ ಎತ್ತದೆ, ಊಟದ ಹೊತ್ತಿನೊಳಗೆ ಪಾಲಾಯಿತು. ಎರಡು ಒಲೆಗಳ ನಡುವೆ ಒಂದೇ ಗೋಡೆ, ಅದರಲ್ಲಿ ಅವ್ವ ದೊಡ್ಡವ್ವ ಸೇರಿ ಒಂದು ಕಿಂಡಿ ಕೊರೆಸಿಕೊಂಡರು. ಅದು ಆಮೇಲಿನ ಮಾತು.

ಆ ಬುಧವಾರ ಸಾಬರು ಎದ್ದು ಹೋಗುವ ಮುಂಚೆ ದೊಡ್ಡಪ್ಪ ಇನ್ನೊಂದು ಮಾತು ಕೇಳಿದರು. ಅವರಿಗೆ ವಾದದ ಚಟ ಅಷ್ಟು ಸುಲಭವಾಗಿ ಬಿಡುವಂಥದಲ್ಲ.

"ಅದಿರ್ಲಿ ಪಾರ್ವತಿ. ಇಷ್ಟು ವರ್ಷ ನೀನೂ ಕೇಳಿದ್ಯಲ್ಲ. ನಿನ್ನ ಲೆಕ್ಕದಾಗೆ ಯಾರು ಮೇಲು?"

"ನಾನೆಲ್ಲಿ ಕೇಳಿದೀನಿ ಬಾವ? ಒಲೆ ಊದ್ತಾ ಕಿವಿಗೆ ಬಿದ್ದಿದ್ದು ಅಷ್ಟೇ. ಕೂತ್ಕಂಡು ಕೇಳಿದ್ರೆ ತಾನೆ ಹೇಳಾದು."

ಮರುದಿನದಿಂದ ಊಟ ಮೊದಲು, ಹಾಡು ಆಮೇಲೆ ಎಂದಾಯಿತು. ದೊಡ್ಡಪ್ಪ ಹಾಗೆಂದು ಆಜ್ಞೆಯನ್ನೇನೂ ಹೊರಡಿಸಲಿಲ್ಲ. ದೀಪ ಹಚ್ಚಿದ ಮೇಲೆ ಕೀಲಿಗೆ ಕೈ ಹಾಕುವ ಬದಲು ಕಾಲು ತೊಳೆದುಕೊಂಡು ಬಂದು ತಣಿಗೆಯ ಮುಂದೆ ಕೂತರು, ಅಪ್ಪ ಅವರ ಪಕ್ಕದಲ್ಲಿ ಕೂತ. ಮುದ್ದೆಯಿಂದ ಆವಿ ಏಳುತ್ತಿತ್ತು, ದೊಡ್ಡಪ್ಪ ಬೆರಳು ಸುಟ್ಟುಕೊಂಡರು. ಹೆಂಗಸರ ಊಟವೂ ಆಗಿ, ಅಡುಗೆಮನೆ ಬಳಿದು, ಅವ್ವ ಮತ್ತು ದೊಡ್ಡವ್ವ ನಡುಮನೆಯ ಹೊಸಲಿನ ಒಳಗೆ ಬಂದು ಕೂರುವವರೆಗೆ ಅಣ್ಣತಮ್ಮ ಕಾದರು. ಕಾಯುವುದು ಅವರಿಗೆ ಅಭ್ಯಾಸವಿರಲಿಲ್ಲ. ದೊಡ್ಡಪ್ಪ ಎರಡು ಸಲ ಕೆಮ್ಮಿದರು, ಅಪ್ಪ ಮುಳ್ಳಿನ ಡಬ್ಬಿಯನ್ನು ತೆರೆದು ಮುಚ್ಚುತ್ತಿದ್ದ. ಹೊಸ ವೇಗಕ್ಕೆ ಅವರ ಕಿವಿ ಒಗ್ಗಲೂ ಕೆಲವು ದಿನ ಬೇಕಾಯಿತು. ಹಳೆಯ ರಂಗಪ್ಪನೇ ಚೆನ್ನಾಗಿದ್ದನೆಂದು ದೊಡ್ಡಪ್ಪ ಒಂದು ಸಂಜೆ ಗೊಣಗಿಕೊಂಡದ್ದನ್ನು ನಾನು ಕೇಳಿದ್ದೇನೆ. 'ಹದಿನಾರು ವರ್ಷದ ಹುಡುಗಿ' ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಎಂಟು ಸಂಜೆ ಅವ್ವ ಹಾಗೆ ಕೂತು ಕೇಳಿದಳು. ತಲೆದೂಗಲಿಲ್ಲ, ತಾಳ ಹಾಕಲಿಲ್ಲ, ದೊಡ್ಡವ್ವನ ಜೊತೆ ಪಿಸುಗುಟ್ಟಲೂ ಇಲ್ಲ. ಮೊಣಕಾಲಿನ ಮೇಲೆ ಗಲ್ಲವಿಟ್ಟು, ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ಕಹಳೆಯ ಕಡೆಗೆ ನೋಡುತ್ತಿದ್ದಳು. ಒಂಬತ್ತನೆಯ ಸಂಜೆ ಆರನೆಯ ಪ್ಲೇಟು ನಿಂತ ಮೇಲೆ ದೊಡ್ಡಪ್ಪ ಹೊಸಲಿನ ಕಡೆಗೆ ತಿರುಗಿದರು.

"ಈಗ್ಲಾದ್ರೂ ಹೇಳವ್ವ. ರಂಗಪ್ಪನೋ ಚಂದ್ರಾಬಾಯಿಯೋ?"

ಅಪ್ಪನೂ ಕಂಬ ಬಿಟ್ಟು ಮುಂದಕ್ಕೆ ಬಾಗಿದ. ಅವ್ವ ಮೊಣಕಾಲಿನಿಂದ ಗಲ್ಲ ಎತ್ತಿದಳು.

"ಹಾರ್ಮೋನಿಯಂ ಬಾರ್ಸೋನು."

"ಯಾವನು?"

"ಅದೇ, ಇಬ್ರಿಗೂ ಬಾರ್ಸವ್ನಲ್ಲ. ಆರೂ ಪ್ಲೇಟ್‌ನಾಗೆ ಇರೋನು ಒಬ್ಬನೇ ಬಾವ. ರಂಗಪ್ಪಂಗೆ ಉಸಿರು ತೀರೋ ಹೊತ್ಗೆ ಕೆಳಗಿಂದ ಎತ್ತಿ ಹಿಡ್ಕಂತಾನೆ. ಆಯಮ್ಮ ಮಾತು ಹೇಳೋವಾಗ ಅಡ್ಡ ಬರ್ಬಾರ್ದು ಅಂತ ಕೈ ತಗ್ಗಿಸ್ತಾನೆ. ಯಾರಿಗೆ ಏನು ಬೇಕು ಅಂತ ಅವಂಗೆ ಗೊತ್ತು. ಅವನೇ ಮೇಲು."

ದೊಡ್ಡಪ್ಪ ಯಂತ್ರದ ಮೇಲಿದ್ದ ಪ್ಲೇಟಿಗೆ ಕೈ ಹಾಕಿದರು. ಅದನ್ನು ತೆಗೆದು ದೀಪದ ಹತ್ತಿರ ಒಯ್ದು, ಕನ್ನಡಕ ಹಾಕಿಕೊಂಡು, ಈ ಬದಿ ಆ ಬದಿ ತಿರುಗಿಸಿ ನೋಡಿದರು. ಅಕ್ಷರ ಸಣ್ಣವೆಂದು ನನ್ನನ್ನು ಕರೆದು ಓದಿಸಿದರು. ಕಂಪನಿಯ ಹೆಸರಿತ್ತು, ಹಾಡಿನ ಮೊದಲ ಪದಗಳಿದ್ದವು, ಕೆಳಗೆ ಚಂದ್ರಾಬಾಯಿಯ ಹೆಸರು. ಉಳಿದ ಐದನ್ನೂ ಒಂದೊಂದಾಗಿ ಓದಿಸಿದರು.

"ಹೆಸ್ರೇ ಹಾಕಿಲ್ಲ ಕಣೋ ಬಸಣ್ಣ" ಎಂದರು.

"ಇನ್ನೊಂದ್ಸಲ ಹಾಕು ಅಣ್ಣಯ್ಯ" ಎಂದ ಅಪ್ಪ.

ದೊಡ್ಡಪ್ಪ ಕೀಲಿ ಕೊಟ್ಟರು, ಅಪ್ಪ ಹೊಸ ಮುಳ್ಳು ಸಿಕ್ಕಿಸಿದ. ಹಾಡು ಶುರುವಾಗುವುದಕ್ಕೆ ಮುಂಚೆ ಹಾರ್ಮೋನಿಯಂ ಒಂದೇ ನುಡಿಯುವ ಒಂದಿಷ್ಟು ಜಾಗವಿದೆ. ನಾಲ್ಕು ವರ್ಷವೂ ಆ ಜಾಗದಲ್ಲಿ ನಾವು ಮಾತಾಡುತ್ತಿದ್ದೆವು. ಆ ಸಂಜೆ ಯಾರೂ ಮಾತಾಡಲಿಲ್ಲ.